ಮುಚ್ಚಿದ ಮೇಲೂ ಕಾಯಬೇಕಾದ ನೆಲ



ನಂದಿ ಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಪೂರ್ವದ ಅಂಚನ್ನು ಹಾದು ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿಗೆ, ಅಲ್ಲಿಂದ ಕೃಷ್ಣಗಿರಿ ಅಣೆಕಟ್ಟಿಗೆ ಬರುತ್ತದೆ. ಮೇಲಿನ ನಗರದ ಕೊಳೆ ಇಲ್ಲಿ ನೊರೆಯಾಗಿ ತೇಲುವುದನ್ನು ನಾವೇ ನೋಡಿದ್ದೇವೆ. ಆದ್ದರಿಂದ ಬೆಂಗಳೂರಿನ ಕಸದ ಚರಿತ್ರೆ ನಮಗೆ ದೂರದ ಕಥೆಯಲ್ಲ.

ಯಲಹಂಕದ ಆಚೆಗಿರುವ ಮಾವಳ್ಳಿಪುರಕ್ಕೆ ವರ್ಷಗಟ್ಟಲೆ ನಗರದ ಕಸ ಹೋಗುತ್ತಿತ್ತು. ಕೊಳೆತ ರಾಶಿಯಿಂದ ಸೋರಿದ ಕಪ್ಪು ನೀರು ಸುತ್ತಲಿನ ಕೆರೆ-ಬಾವಿಗಳನ್ನು ಕೆಡಿಸಿತು. ಹಳ್ಳಿಯವರು ಹೋರಾಡಿದರು. 2012ರ ಜುಲೈನಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಿಂದ ಅದು ಮುಚ್ಚಿತು. ಆಗ ಬೆಂಗಳೂರಿನ ಬೀದಿಗಳಲ್ಲೇ ಕಸ ರಾಶಿ ಬಿತ್ತು. ಅದೇ ವರ್ಷದ ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ವಿಂಗಡಿಸುವುದು ಕಡ್ಡಾಯವಾಯಿತು. ಆದರೂ ಲಾರಿಗಳು ಮಂಡೂರಿನತ್ತ ತಿರುಗಿದವು. 2014ರಲ್ಲಿ ಮಂಡೂರಿನವರೂ ರಸ್ತೆಗಿಳಿದರು. ಆ ವರ್ಷ ನವೆಂಬರ್ ಕೊನೆಗೆ ಅಲ್ಲಿಯೂ ಲಾರಿ ನಿಂತಿತು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳ ಸರದಿ.

ಲಾರಿ ನಿಂತರೆ ಕಥೆ ಮುಗಿಯಿತೇ? ಇಲ್ಲ. ಪ್ರತಿ ಮಳೆಗೂ ನೀರು ಹಳೆಯ ರಾಶಿಯೊಳಗೆ ಇಳಿದು ವಿಷವನ್ನು ಹೊತ್ತು ಅಂತರ್ಜಲ ಸೇರಬಹುದು. ಒಳಗೆ ಮೀಥೇನ್ ಅನಿಲ ಹುಟ್ಟುತ್ತಲೇ ಇರುತ್ತದೆ. ಅದಕ್ಕೇ ನಮ್ಮ ದೇಶದ 2000ದ ಮತ್ತು 2016ರ ಕಸ ನಿರ್ವಹಣಾ ನಿಯಮಗಳು, ಮುಚ್ಚಿದ ಕಸದ ಗುಂಡಿಯನ್ನು ಕನಿಷ್ಠ 15 ವರ್ಷ ನೋಡಿಕೊಳ್ಳಬೇಕು ಎಂದವು. ಅಂಚಿನಿಂದ 50 ಮೀಟರ್ ಒಳಗಿನ ಅಂತರ್ಜಲವನ್ನು ಬೇಸಿಗೆಯಲ್ಲಿ, ಮಳೆಗಾಲದಲ್ಲಿ, ಮಳೆ ಕಳೆದ ಮೇಲೆ ಪರೀಕ್ಷಿಸಬೇಕು ಎಂದವು. ಲಾರಿ ನಿಂತ ದಿನದಿಂದ ಎಣಿಸಿದರೂ ಮಾವಳ್ಳಿಪುರಕ್ಕೆ 2027ರವರೆಗೆ, ಮಂಡೂರಿಗೆ 2029ರವರೆಗೆ ಕಾವಲು ಬೇಕು.

ಕಾವಲಿಲ್ಲದಿದ್ದರೆ ಏನಾಗುತ್ತದೆಂದು ಅಮೆರಿಕದ ನಯಾಗರ ಪಟ್ಟಣ ತೋರಿಸಿತು. ಅಲ್ಲಿನ ಲವ್ ಕೆನಾಲ್ ಎಂಬ ಹಳೆಯ ಕಾಲುವೆಯಲ್ಲಿ 1942ರಿಂದ 1953ರವರೆಗೆ ಸುಮಾರು 20,000 ಟನ್ ರಾಸಾಯನಿಕ ತ್ಯಾಜ್ಯ ಹೂತರು. ಮಣ್ಣು ಮುಚ್ಚಿ, ಒಂದು ಡಾಲರಿಗೆ ಶಾಲಾ ಮಂಡಳಿಗೆ ಕೊಟ್ಟರು. ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳೂ ಎದ್ದವು. ಕೊನೆಗೆ ವಿಷ ನೆಲಮಾಳಿಗೆಗಳಿಗೆ ಒಸರಿತು. 1978ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕಾರ್ಟರ್ ತುರ್ತುಸ್ಥಿತಿ ಸಾರಿದರು. 1979ರಲ್ಲಿ ಅಲ್ಲಿನ ವಿವಿಧ ಸಭೆಗಳ ವಿಶ್ವಾಸಿಗಳು ಒಂದು ಕಾರ್ಯಪಡೆ ಕಟ್ಟಿದರು. ಅದನ್ನು ನಡೆಸಿದವರು ಫ್ರಾನ್ಸಿಸ್ಕನ್ ಸಭೆಯ ಸಿಸ್ಟರ್ ಮಾರ್ಜೀನ್ ಹಾಫ್‌ಮನ್. ಅವರು ಮನೆ ಬಿಟ್ಟ ಕುಟುಂಬಗಳಿಗೆ ನೆರವಾದರು, ಸರ್ಕಾರವನ್ನೂ ಪ್ರಶ್ನಿಸಿದರು. 2004ರಲ್ಲಿ ಆ ಜಾಗದ ಹೆಸರು ಅಪಾಯಕಾರಿ ಸ್ಥಳಗಳ ಪಟ್ಟಿಯಿಂದ ಹೊರಬಂದರೂ, ಸೋರುವ ನೀರನ್ನು ಶುದ್ಧಗೊಳಿಸುವ ಕೆಲಸ, ಬಾವಿಗಳ ಪರೀಕ್ಷೆ ನಿಲ್ಲಲಿಲ್ಲ.

ಆದಿಕಾಂಡದಲ್ಲಿ ದೇವರು ಆದಾಮನಿಗೆ ತೋಟದಲ್ಲಿ ಒಪ್ಪಿಸಿದ ಕೆಲಸ ಎರಡು: ದುಡಿಯುವುದು ಮತ್ತು ಕಾಯುವುದು. ದುಡಿಯುವುದು ನಮಗೆ ಗೊತ್ತು. ಕಾಯುವುದನ್ನು ಮರೆತಿದ್ದೇವೆ. ಒಂದು ಭಾನುವಾರ ಪೊರಕೆ ಹಿಡಿದು ಫೋಟೊ ತೆಗೆಸಿಕೊಳ್ಳುವುದು ಸುಲಭ. ನಮ್ಮೂರ ಹಳೆಯ ಕಸದ ಗುಂಡಿ ಎಲ್ಲಿತ್ತೆಂದು ಹಿರಿಯರನ್ನು ಕೇಳಿ, ಅದರ ಪಕ್ಕದ ಬೋರ್‌ವೆಲ್ ನೀರಿನ ಪರೀಕ್ಷಾ ವರದಿಯನ್ನು ವರ್ಷಕ್ಕೆ ಮೂರು ಸಲ, ಹದಿನೈದು ವರ್ಷ ಬಿಡದೆ ಕೇಳುವುದು ಕಷ್ಟ. ಇಂದು ಹದಿನೈದು ವಯಸ್ಸಿನವರು ಅಷ್ಟು ಹೊತ್ತಿಗೆ ಮೂವತ್ತು ದಾಟುತ್ತಾರೆ. ಅಷ್ಟು ದೀರ್ಘ ಕಾವಲು ಯುವಕ ಯುವತಿಯರಿಂದಲೇ ಆಗಬೇಕು.