ಜೀವಿಗಳ ವ್ಯಾಪ್ತಿ ಪಲ್ಲಟ: ಸೇಡಂ–ಚಿಂಚೋಳಿ ಸೀಮೆಯಲ್ಲಿ ಪತ್ತೆಹಚ್ಚುವ ಬಗೆ

ಹವಾಮಾನ ಬದಲಾದಂತೆ ಒಂದು ಪ್ರಭೇದ ನೆಲೆಸುವ ಪ್ರದೇಶದ ಎಲ್ಲೆ ಸರಿಯುವುದೇ ವ್ಯಾಪ್ತಿ ಪಲ್ಲಟ. ಬೆಟ್ಟಸೀಮೆಯಲ್ಲಿ ಸುಮಾರು 150 ಮೀಟರ್ ಏರಿದರೆ ಒಂದು ಡಿಗ್ರಿ ತಂಪು ಸಿಗುವುದರಿಂದ ಅಲ್ಲಿ ಈ ಸರಿಯುವಿಕೆ ಬೇಗ ಗೊತ್ತಾಗುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಬಯಲಿನಲ್ಲಿ ಅಷ್ಟೇ ತಂಪಿಗೆ ಹಕ್ಕಿಯೋ ಚಿಟ್ಟೆಯೋ ಬಹುದೂರ ಹೋಗಬೇಕು.

ಹೋಲಿಸಲು ಹಳೆಯ ದಾಖಲೆ ಬೇಕು. ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1930ರ ದಶಕದ ಆರಂಭದಲ್ಲಿ, ಪಕ್ಷಿತಜ್ಞ ಸಲೀಂ ಅಲಿ ಆ ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದರು. ಇಲ್ಲಿಗೆ ಅದೇ ಸಹಜವಾದ ಆರಂಭಬಿಂದು.

ಆದರೆ ಕಾಣಲಿಲ್ಲವೆಂದರೆ ಇಲ್ಲವೆಂದಲ್ಲ. ಇರುವ ಹಕ್ಕಿ ಒಂದು ಭೇಟಿಯಲ್ಲಿ ಕಣ್ಣಿಗೆ ಬೀಳುವ ಸಾಧ್ಯತೆ ಅರ್ಧದಷ್ಟಿದ್ದರೆ, ಮೂರು ಭೇಟಿಯಲ್ಲೂ ತಪ್ಪಿಸಿಕೊಳ್ಳುವ ಸಾಧ್ಯತೆ ಎಂಟರಲ್ಲಿ ಒಂದು. ಹಾಗಾಗಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಕಾಣದ ದಿನವನ್ನೂ ಬರೆದಿಡಬೇಕು. ಈಬರ್ಡ್‌ನಂಥ ಜಾಲತಾಣಗಳಲ್ಲಿ ಹಕ್ಕಿವೀಕ್ಷಕರು ಹಾಕುವ ಪಟ್ಟಿಗಳು ಉಪಯುಕ್ತವೇ. ಆದರೆ ಹವ್ಯಾಸಿಗಳು ಕೆರೆ, ಜಲಾಶಯಗಳತ್ತ ಹೋದಷ್ಟು ತೊಗರಿ ಹೊಲಕ್ಕೆ ಕಾಲಿಡುವುದಿಲ್ಲ.

ಕಾರಣ ಹಚ್ಚುವುದು ಇನ್ನೂ ತೊಡಕು. ಶಹಾಬಾದ್ ಕಲ್ಲಿನ ಖಣಿಗಳು, ವಾಡಿ–ಸೇಡಂನ ಸಿಮೆಂಟ್ ಕಾರ್ಖಾನೆಗಳು ನೆಲದ ರೂಪವನ್ನೇ ಬದಲಿಸಿವೆ. ಕೈಬಿಟ್ಟ ಖಣಿಯಲ್ಲಿ ಮಳೆನೀರು ನಿಂತು ನೀರುಹಕ್ಕಿ ಬಂದಿಳಿದರೆ ಅದನ್ನು ಬಿಸಿಲೇರಿದ ಲೆಕ್ಕಕ್ಕೆ ಬರೆಯಲಾಗದು. 2011ರಲ್ಲಿ ಘೋಷಣೆಯಾದ, ಸುಮಾರು 135 ಚದರ ಕಿ.ಮೀ. ವಿಸ್ತಾರದ ಚಿಂಚೋಳಿ ವನ್ಯಜೀವಿಧಾಮದ ಒಣ ಕಾಡನ್ನು ಜೊತೆಗಿಟ್ಟು ನೋಡಬೇಕಾದುದು ಇದಕ್ಕಾಗಿಯೇ: ಖಣಿ ಬಯಲಿನಲ್ಲೂ ಕಾಡಿನಲ್ಲೂ ಒಂದೇ ದಿಕ್ಕಿನ ಬದಲಾವಣೆ ಕಂಡಾಗಲೇ ಹವಾಮಾನದ ಮೇಲಿನ ಗುಮಾನಿ ಗಟ್ಟಿಯಾಗುತ್ತದೆ.