ಕಲ್ಪಿತ ಚಲನೆ ಮತ್ತು ಮಿದುಳು-ಗಣಕ ಸಂಧಾನ

ಕೈಯನ್ನು ಎತ್ತದೆಯೇ ಎತ್ತಿದಂತೆ ಒಳಗೊಳಗೆ ಅನುಭವಿಸಿದಾಗ ಮಿದುಳಿನ ವಿದ್ಯುಲ್ಲಯದಲ್ಲಿ ಉಂಟಾಗುವ ಮಾರ್ಪಾಟನ್ನು ನೆತ್ತಿಯ ಮೇಲಿರಿಸಿದ ವಿದ್ಯುದಗ್ರಗಳಿಂದ ಗ್ರಹಿಸಿ, ಅದನ್ನೇ ಆಜ್ಞೆಯೆಂದು ಬಗೆಯುವ ಗಣಕದ ಮೂಲಕ ಪರದೆಯ ಮೇಲಿನ ಸೂಚಕವನ್ನೋ ಗಾಲಿಕುರ್ಚಿಯನ್ನೋ ನಡೆಸುವ ವಿಧಾನಕ್ಕೆ ಕಲ್ಪಿತ ಚಲನೆಯ ಮಿದುಳು-ಗಣಕ ಸಂಧಾನವೆಂದು ಹೆಸರು. ವಿಚಿತ್ರವೆನಿಸಿದರೂ ಇದರ ಚರಿತ್ರೆಯು ಒಂದು ಲಯವು ಅಡಗುವ ಚರಿತ್ರೆ; ಇಲ್ಲಿ ಮೌನವೇ ಸಂದೇಶ.

ಯೌವನದಲ್ಲಿ ಸೇನೆಯಲ್ಲಿದ್ದಾಗ ಕುದುರೆಯಿಂದ ಬಿದ್ದು ಸಾವಿನ ಬಾಯಿಂದ ಪಾರಾದ ದಿನವೇ, ದೂರದೂರಿನ ಸೋದರಿಯು ಕೇಡನ್ನು ಶಂಕಿಸಿದುದರಿಂದ ಮನೆಯಿಂದ ಕ್ಷೇಮವನ್ನು ವಿಚಾರಿಸಿ ತಂತಿ ಬರಲಾಗಿ, ಮನಸ್ಸಿಗೂ ಮನಸ್ಸಿಗೂ ನಡುವೆ ಭೌತಿಕವಾದ ಯಾವುದೋ ಶಕ್ತಿಯು ಸಂಚರಿಸುತ್ತಿರಬೇಕೆಂದು ನಂಬಿದ ಜರ್ಮನಿಯ ಹಾನ್ಸ್ ಬರ್ಗರ್, ಆ ಶಕ್ತಿಯನ್ನು ಅರಸುತ್ತ ಹೋಗಿ 1924ರಲ್ಲಿ ಯೇನಾ ನಗರದಲ್ಲಿ ಮಾನವನ ಮಿದುಳಿನ ವಿದ್ಯುತ್ತರಂಗಗಳನ್ನು ಮೊತ್ತಮೊದಲು ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಅರಸಿದುದು ದೊರೆಯಲಿಲ್ಲ, ದೊರೆತುದು ಅದಕ್ಕಿಂತ ಬೆಲೆಯುಳ್ಳದ್ದು.   

1952ರಲ್ಲಿ ಫ್ರಾನ್ಸಿನ ಆಂರಿ ಗಾಸ್ತೊ, ಚಲನೆಯನ್ನು ಆಳುವ ಮಿದುಳಿನ ಭಾಗದ ಮೇಲೆ, ದೇಹವು ವಿಶ್ರಾಂತವಾಗಿರುವಾಗ ಸೆಕೆಂಡಿಗೆ ಸುಮಾರು 8ರಿಂದ 13 ಬಾರಿ ಆಂದೋಲಿಸುವ, ಮುಷ್ಟಿ ಬಿಗಿದೊಡನೆ ಅಡಗಿಹೋಗುವ ಕಮಾನಿನಾಕೃತಿಯ ಲಯವೊಂದನ್ನು ವರ್ಣಿಸಿದರು. ಮುಂದೆ ಇದಕ್ಕೆ ಮ್ಯೂ ಲಯವೆಂಬ ಹೆಸರು ನಿಂತಿತು. ಆ ವರ್ಣನೆಯಾದ ಎರಡು ವರ್ಷಗಳಿಗೆ ಗಾಸ್ತೊ ಅವರೂ ಬೆರ್ ಎಂಬ ಸಹೋದ್ಯೋಗಿಯೂ ಕೂಡಿ, ಚಲಚ್ಚಿತ್ರದಲ್ಲಿ ಮುಷ್ಟಿಯುದ್ಧವನ್ನು ನೋಡುತ್ತ ಅಲುಗಾಡದೆ ಕುಳಿತವರಲ್ಲಿಯೂ ಈ ಲಯವು ಅಡಗುವುದೆಂದು ಕಂಡರು. ತುಮಕೂರು ಜಿಲ್ಲೆಯ ಗುಬ್ಬಿಯ ಜನಕ್ಕೆ ಇದು ಅಷ್ಟೇನೂ ಹೊಸದೆನಿಸಲಾರದು. 1884ರಲ್ಲಿ ಆ ಊರಿನಲ್ಲಿ ಹುಟ್ಟಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಹೆಸರಾದ ಚನ್ನಬಸವೇಶ್ವರ ನಾಟಕ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳು ರಂಗವನ್ನೇರಿದಾಗ, ಕುಳಿತಲ್ಲಿಯೇ ಮೈಮರೆತು ವೀರರೊಡನೆ ತಾನೂ ಕಾದಿದ ಪ್ರೇಕ್ಷಕನ ನೆತ್ತಿಯ ಅಡಿಯಲ್ಲಿ ಅದೇ ಲಯವು ಅಡಗಿದ್ದಿತೆಂದು ಊಹಿಸಲು ಅಡ್ಡಿಯಿಲ್ಲ.

ಮಿದುಳಿನೊಡನೆ ಗಣಕವನ್ನು ನೇರವಾಗಿ ಬೆಸೆಯುವ ವಿಚಾರವನ್ನು ಜಾಕ್ ವಿಡಾಲ್ 1973ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮಂಡಿಸಿದರು. 1991ರಲ್ಲಿ ನ್ಯೂಯಾರ್ಕ್ ರಾಜ್ಯದ ಜೊನಾಥನ್ ವೊಲ್ಪಾ ಮತ್ತು ಸಂಗಡಿಗರು, ಮ್ಯೂ ಲಯವನ್ನು ತಗ್ಗಿಸಿ ಹೆಚ್ಚಿಸಿ ಪರದೆಯ ಸೂಚಕವನ್ನು ನಡೆಸಲು ಜನರಿಗೆ ಕಲಿಸಿದರು. ಆದರೆ ಕಲ್ಪಿತ ಚಲನೆಗೆ ಶಾಸ್ತ್ರವನ್ನು ಕಟ್ಟಿಕೊಟ್ಟವರಲ್ಲಿ ಅಗ್ರಗಣ್ಯರು ಆಸ್ಟ್ರಿಯದ ಗ್ರಾಟ್ಸ್ ನಗರದ ಗೆರ್ಟ್ ಫುರ್ಟ್‌ಶೆಲ್ಲರ್. ಬಲಗೈಯ ಚಲನೆಯನ್ನು ಕಲ್ಪಿಸಿದರೆ ಮುಖ್ಯವಾಗಿ ಮಿದುಳಿನ ಎಡ ಅರ್ಧಗೋಳದಲ್ಲಿಯೂ ಎಡಗೈಯದನ್ನು ಕಲ್ಪಿಸಿದರೆ ಬಲ ಅರ್ಧಗೋಳದಲ್ಲಿಯೂ ಲಯವು ಕುಗ್ಗುವುದನ್ನು ಅವರ ತಂಡವು 1990ರ ದಶಕದಲ್ಲಿ ತೋರಿಸಿತು.

ಕಲ್ಪನೆಯೆಂದರೆ ಎಂತಹ ಕಲ್ಪನೆ ಎಂಬುದೇ ಇಲ್ಲಿ ಮುಖ್ಯ. ಗುಬ್ಬಿಯ ತೋಟದವನೊಬ್ಬನು ತಾನು ತೆಂಗಿನಕಾಯಿ ಸುಲಿಯುತ್ತಿರುವುದನ್ನು ಎದುರಿನ ಚಿತ್ರದಂತೆ ಮನಸ್ಸಿನಲ್ಲಿ ನೋಡಿದರೆ ಯಂತ್ರಕ್ಕೆ ಸಿಕ್ಕುವುದು ಅಲ್ಪ. ಸಿಪ್ಪೆಯ ಬಿಗಿ, ಮಣಿಕಟ್ಟಿನ ತಿರುವು, ತೋಳಿನಲ್ಲಿ ಏರುವ ಶ್ರಮ ಇವನ್ನೆಲ್ಲ ತೋಳು ಅಲುಗದೆಯೇ ಒಳಗಿನಿಂದ ಅನುಭವಿಸಿದರೆ ಗುರುತು ಸ್ಪಷ್ಟವಾಗುವುದು. ಗ್ರಾಟ್ಸ್‌ನ ಕ್ರಿಸ್ಟಾ ನಾಯ್ಪರ್ ಮತ್ತು ಸಂಗಡಿಗರು 2005ರಲ್ಲಿ ಈ ಭೇದವನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಅದಕ್ಕೂ ಮುನ್ನ, 2003ರಲ್ಲಿ ಪ್ರಕಟವಾದ ಅದೇ ತಂಡದ ವರದಿಯೊಂದು ಮರೆಯಲಾಗದಂಥದು: ಕೈಕಾಲುಗಳ ಸ್ವಾಧೀನ ತಪ್ಪಿದ ರೋಗಿಯೊಬ್ಬರು ಪಾದದ ಚಲನೆಯನ್ನು ಕಲ್ಪಿಸಲು, ಆ ಸಂಕೇತದಿಂದ ಹೊರಟ ವಿದ್ಯುತ್ ಪ್ರಚೋದನೆಯು ಅವರ ಕೈಯ ಸ್ನಾಯುಗಳನ್ನು ಮೀಟಿ, ಕೈಯು ವಸ್ತುವನ್ನು ಹಿಡಿಯಿತು.

ಮನುಷ್ಯನೇ ದೀರ್ಘಕಾಲ ಅಭ್ಯಾಸ ಮಾಡಬೇಕೆಂಬ ಕಟ್ಟನ್ನು ಸಡಿಲಿಸಿದವರು ಬರ್ಲಿನ್ನಿನ ಮ್ಯುಲರ್, ಬ್ಲಾಂಕೆರ್ಟ್ಸ್ ಮೊದಲಾದವರು. ಕಲಿಕೆಯ ಹೊರೆಯ ಬಹುಭಾಗವನ್ನು ಅವರು ಗಣಕದ ಮೇಲೆ ಹೊರಿಸಿದರು. ಆದರೂ ಮನುಷ್ಯ ಗಣಕಗಳಲ್ಲಿ ಒಬ್ಬರೇ ಕಲಿತರೆ ಸಾಲದು. ಟಿಪ್ಪುವಿನ ಅಶ್ವದಳಕ್ಕೆ ಕುದುರೆಗಳನ್ನು ಬೆಳೆಸಿದ ಕುಣಿಗಲ್ಲಿನ ಸ್ಟಡ್ ಫಾರಂ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಸವಾರನ ತೊಡೆಯ ಒತ್ತು ಕುದುರೆಗೂ, ಕುದುರೆಯ ಕಿವಿಯ ಹೊರಳು ಸವಾರನಿಗೂ ತಿಳಿಯುವವರೆಗೆ ಸವಾರಿಯೆಂಬುದಿಲ್ಲ. ಈ ಹೊಂದಾಣಿಕೆಯು ಎಲ್ಲರಿಗೂ ಒಲಿಯದು. 100ಕ್ಕೆ 15ರಿಂದ 30 ಮಂದಿಗೆ ಸಾಕಷ್ಟು ಹತೋಟಿಯು ದೊರೆಯುವುದಿಲ್ಲವೆಂಬುದು ವಿದ್ವಾಂಸರ ಸಾಮಾನ್ಯ ಅಂದಾಜು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರೂ ಜೆರಿನ್ ಥಾಮಸ್ ಪನಚಕೇಲ್ ಅವರೂ ಹಿಡಿದುದು ಕಲ್ಪಿತ ಚಲನೆಯ ಸೋದರ ವಿಷಯವನ್ನು, ಎಂದರೆ ಕಲ್ಪಿತ ಮಾತನ್ನು. ಮಾತೂ ನಾಲಗೆ ತುಟಿಗಳ ಚಲನೆಯೇ ಆದುದರಿಂದ ಈ ಬಾಂಧವ್ಯವು ಹೊರಗಿನಿಂದ ಹೊರಿಸಿದುದಲ್ಲ. ತುಟಿಯಲುಗದ ನುಡಿಯನ್ನು ಮಿದುಳಿನ ತರಂಗಗಳಿಂದ ಓದುವ ಯತ್ನಗಳನ್ನು ಸಮೀಕ್ಷಿಸಿ ಅವರು 2021ರಲ್ಲಿ ವಿಸ್ತಾರವಾದ ಪ್ರಬಂಧವೊಂದನ್ನು ಪ್ರಕಟಿಸಿದರು.