ಸೆರೆಮನೆಯ ಬಿಷಪ್

ಸಂಜೆಯ ವಾರ್ತೆ ಕೇಳಲು ರೇಡಿಯೊದ ಗುಂಡಿ ತಿರುಗಿಸುವುದು ನಮ್ಮ ಮನೆಗಳಲ್ಲಿ ನಿತ್ಯದ ಮಾತು. ಅದೇ ಕೆಲಸ ಪ್ರಾಣಕ್ಕೆ ಎರವಾಗುವ ಕಾಲವೊಂದಿತ್ತು. 1943ರಲ್ಲಿ, ಜಪಾನೀಯರ ವಶದಲ್ಲಿದ್ದ ಸಿಂಗಪುರದಲ್ಲಿ, ಸೆರೆಯಾಳುಗಳು ರೇಡಿಯೊ ಮೂಲಕ ಶತ್ರುಗಳಿಗೆ ಸುದ್ದಿ ಕಳುಹಿಸುತ್ತಿದ್ದಾರೆಂಬ ಸಂಶಯದ ಮೇಲೆ 57 ಮಂದಿ ನಾಗರಿಕರನ್ನು ಹಿಡಿದೊಯ್ದರು. ಅವರಲ್ಲಿ 15 ಮಂದಿ ಅಸುನೀಗಿದರು. ಬದುಕಿ ಬಂದವರಲ್ಲಿ ಒಬ್ಬರು ಸಿಂಗಪುರದ ಆಂಗ್ಲಿಕನ್ ಬಿಷಪ್ ಲೆನಾರ್ಡ್ ವಿಲ್ಸನ್.

ವಿಲ್ಸನ್ನರು ಹುಟ್ಟಿದ್ದು 1897ರಲ್ಲಿ, ಉತ್ತರ ಇಂಗ್ಲೆಂಡಿನಲ್ಲಿ. ಈಜಿಪ್ಟಿನಲ್ಲಿಯೂ ಹಾಂಗ್‌ಕಾಂಗಿನಲ್ಲಿಯೂ ಸೇವೆ ಸಲ್ಲಿಸಿ, 1941ರ ಜುಲೈ ತಿಂಗಳಲ್ಲಿ ಸಿಂಗಪುರದ ಬಿಷಪ್ ಪದವಿಗೇರಿದರು. ಅವರ ಪೀಠವಿದ್ದ ಸೇಂಟ್ ಆಂಡ್ರೂಸ್ ದೇವಾಲಯವು ಭಾರತದಿಂದ ಗಡೀಪಾರಾಗಿ ಬಂದ ಕೈದಿಗಳ ದುಡಿಮೆಯಿಂದ ಎದ್ದು ನಿಂತ ಕಟ್ಟಡ. ಏಳು ತಿಂಗಳು ತುಂಬುವ ಮೊದಲೇ ಯುದ್ಧವು ಅದರ ಬಾಗಿಲಿಗೆ ಬಂದಿತು. ಮುತ್ತಿಗೆಯ ಕೊನೆಯ ದಿನಗಳಲ್ಲಿ ದೇವಾಲಯವೇ ಗಾಯಾಳುಗಳ ಆಸ್ಪತ್ರೆಯಾಯಿತು. 1942ರ ಫೆಬ್ರವರಿ 15ರಂದು ಪಟ್ಟಣವು ಶರಣಾಯಿತು.

ಬಿಳಿಯರಾದ ನಾಗರಿಕರನ್ನು ಚಾಂಗಿ ಸೆರೆಮನೆಗೆ ಸೇರಿಸಿದಾಗ ಬಿಷಪ್ಪರು ಒಂದು ವರ್ಷ ಹೊರಗೇ ಉಳಿದರು. ಇದಕ್ಕೆ ಕಾರಣನಾದವನು ಜಪಾನೀ ಅಧಿಕಾರಿಯೇ. ಒಗಾವಾ ಎಂಬ ಆ ಲೆಫ್ಟಿನೆಂಟನು ತಾನೂ ಆಂಗ್ಲಿಕನ್ ಸಭೆಗೆ ಸೇರಿದವನು. ಆತನು ಕೊಟ್ಟ ರಹದಾರಿಯ ಬಲದಿಂದ ಬಿಷಪ್ಪರು ಪ್ರಾರ್ಥನೆಗಳನ್ನು ನಡೆಸುತ್ತ, ಊರಿನ ಚೀನೀ ಮತ್ತು ತಮಿಳು ಭಕ್ತರ ಯೋಗಕ್ಷೇಮ ನೋಡಿಕೊಂಡರು. 1943ರ ಮಾರ್ಚಿನಲ್ಲಿ ಅವರೂ ಚಾಂಗಿಯನ್ನು ಸೇರಬೇಕಾಯಿತು.

ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಸಿಂಗಪುರದ ಬಂದರಿನಲ್ಲಿ ಹಲವು ಹಡಗುಗಳು ಸಿಡಿದವು. ಆಸ್ಟ್ರೇಲಿಯಾದಿಂದ ಬಂದ ಒಂದು ಸಣ್ಣ ದಳವು ರಾತ್ರಿ ಪುಟ್ಟ ದೋಣಿಗಳಲ್ಲಿ ಸಾಗಿ, ಹಡಗುಗಳಿಗೆ ಸಿಡಿಗುಂಡುಗಳನ್ನು ಅಂಟಿಸಿ ಮರಳಿತ್ತು. ಇದು ಜಪಾನೀ ಸೇನಾ ಪೊಲೀಸರಾದ ಕೆಂಪೆಯ್‌ಟಾಯ್‌ಗೆ ತಿಳಿಯದು. ಚಾಂಗಿಯ ಸೆರೆಯಾಳುಗಳೇ ಸೂತ್ರಧಾರರೆಂದು ಅವರು ನಂಬಿದರು. ಸೆರೆಯಾಳುಗಳಲ್ಲಿ ಬಚ್ಚಿಟ್ಟ ರೇಡಿಯೊಗಳೇನೋ ಇದ್ದವು; ಆದರೆ ಅವು ಹೊರಗಿನ ಸುದ್ದಿ ಕೇಳಲು ಇದ್ದವುಗಳು. ಅಕ್ಟೋಬರ್ 10ರಂದು ದಸ್ತಗಿರಿಗಳು ಮೊದಲಾದವು. ಒಂದು ವಾರದ ಬಳಿಕ ಬಿಷಪ್ಪರ ಸರದಿ ಬಂದಿತು.

ಮೂರು ದಿನ ಅವರನ್ನು ಹೊಡೆದರು. ಕಿಕ್ಕಿರಿದ ಕೋಣೆ, ರಾತ್ರಿಯೆಲ್ಲ ಉರಿಯುವ ದೀಪ, ಕುಡಿಯುವುದಕ್ಕೂ ತೊಳೆಯುವುದಕ್ಕೂ ಶೌಚದ ಕುಂಡಕ್ಕೆ ಬೀಳುವ ನೀರೇ ಗತಿ. ನಿನ್ನ ದೇವರು ನಿನ್ನನ್ನೇಕೆ ಬಿಡಿಸುವುದಿಲ್ಲವೆಂದು ಹೊಡೆಯುವವರು ಕೇಳಿದರಂತೆ. ದೇವರು ರಕ್ಷಿಸುತ್ತಲೇ ಇದ್ದಾನೆ, ನೋವನ್ನು ತೆಗೆದು ಅಲ್ಲ, ಅದನ್ನು ತಾಳುವ ಶಕ್ತಿಯನ್ನು ಕೊಟ್ಟು ಎಂಬುದು ಬಿಷಪ್ಪರ ಉತ್ತರ. ಏಳೆಂಟು ತಿಂಗಳ ಬಳಿಕ, 1944ರಲ್ಲಿ, ಅವರನ್ನು ಉಳಿದ ಸೆರೆಯಾಳುಗಳ ಶಿಬಿರಕ್ಕೆ ಮರಳಿ ಕಳುಹಿಸಿದರು.

ಯುದ್ಧ ಮುಗಿದ ಮೇಲೆ ನ್ಯಾಯಾಲಯವು ತನ್ನ ಕೆಲಸ ಮಾಡಿತು. 1946ರಲ್ಲಿ ಸಿಂಗಪುರದಲ್ಲಿ 21 ಮಂದಿಯ ವಿಚಾರಣೆ ನಡೆದು 8 ಮಂದಿಗೆ ಮರಣದಂಡನೆಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ರೇಡಿಯೊದ ನೆಪದಿಂದ ಇಷ್ಟೆಲ್ಲ ಅನುಭವಿಸಿದ ಬಿಷಪ್ಪರು ಬಿ.ಬಿ.ಸಿ.ಯ ರೇಡಿಯೊದಲ್ಲಿಯೇ ಮಾತನಾಡಿದರು. ಕ್ಷಮೆಯು ತಮಗೆ ಸುಲಭವಾಗಿ ಒದಗಿತೆಂದು ಅವರು ಹೇಳಲಿಲ್ಲ. ಬೆತ್ತ ಹಿಡಿದ ಆ ಕ್ರೂರ ಮುಖಗಳನ್ನು ಕಂಡು ಕ್ಷಮಿಸುವುದು ಹೇಗೆಂದು ತಿಳಿಯದೆ ಅವರು ಪ್ರಾರ್ಥಿಸಿದರು. ಆಗ ಅವರ ಮನಸ್ಸಿಗೆ, ಇವರೂ ಒಮ್ಮೆ ಅಣ್ಣತಮ್ಮಂದಿರೊಡನೆ ಆಡಿ ನಲಿದ, ತಾಯ್ತಂದೆಗಳು ಮುದ್ದಿಸಿದ ಎಳೆಯರಾಗಿದ್ದರೆಂದು ಹೊಳೆಯಿತು. ಮಗುವನ್ನು ದ್ವೇಷಿಸುವುದು ಕಷ್ಟ. ಆ ಕಲ್ಪನೆಯನ್ನು ಹಿಡಿದೇ ಅವರು ದ್ವೇಷವನ್ನು ದಾಟಿದರು.

ನಮ್ಮ ಹಿರಿಯರು ಕ್ಷಮೆಯನ್ನು ಬಲಶಾಲಿಯ ಭೂಷಣವೆಂದರು. ಕೈಕಾಲು ಕಟ್ಟಿಸಿಕೊಂಡು ಬಿದ್ದಿದ್ದವನಿಗೂ ಆ ಬಲವಿರಬಹುದೆಂಬುದನ್ನು ಇಲ್ಲಿ ಕಾಣುತ್ತೇವೆ. ಕ್ಷಮಿಸಿದೆನೆಂದು ನಡೆದುದನ್ನು ಬಿಷಪ್ಪರು ಮುಚ್ಚಿಡಲಿಲ್ಲ; ಏಟುಗಳನ್ನೂ ಸಾವುಗಳನ್ನೂ ಲೋಕಕ್ಕೆ ತಿಳಿಸಿಯೇ ಕ್ಷಮೆಯ ಮಾತನಾಡಿದರು.

1949ರಲ್ಲಿ ವಿಲ್ಸನ್ನರು ಇಂಗ್ಲೆಂಡಿಗೆ ಹಿಂದಿರುಗಿದರು. 1953ರಿಂದ 1969ರ ವರೆಗೆ ಬರ್ಮಿಂಗ್‌ಹ್ಯಾಮಿನ ಬಿಷಪ್ಪರಾಗಿದ್ದು, 1970ರಲ್ಲಿ ಕಾಲವಾದರು. ಆದರೆ ಸಿಂಗಪುರವನ್ನು ಬಿಡುವ ಮೊದಲೇ, 1947ರಲ್ಲಿ, ಅವರ ಕೈಯಿಂದ ಒಂದು ಕಾರ್ಯ ನಡೆದಿತ್ತು. ಕ್ರೈಸ್ತಧರ್ಮಕ್ಕೆ ಬಂದ ಒಬ್ಬ ಜಪಾನೀಯನಿಗೆ ಅವರು ಸಭೆಯ ಪೂರ್ಣ ಸದಸ್ಯತ್ವದ ದೀಕ್ಷೆಯನ್ನಿತ್ತರು. ಅಂದು ಬಿಷಪ್ಪರು ಕೈಯಿಟ್ಟು ಹರಸಿದ ತಲೆ, ನಾಲ್ಕು ವರ್ಷಗಳ ಹಿಂದೆ ಅವರನ್ನು ಹೊಡೆದವರಲ್ಲಿ ಒಬ್ಬನದು.